ಬಟಾಟಾನ ಗೂಡಿನ ಚಿಲಕ

ಇದು ನಡೆದದ್ದು. ಅಷ್ಟನ್ನು ಎದೆ ತಟ್ಟಿ ಹೇಳಬಲ್ಲೆ. ಹೀಗೆಯೇ ನಡೆಯಿತೇ ಅಂತ ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತೇನೆ.

ಯೂನಿವರ್ಸಿಟಿಯಲ್ಲಿ ನಾನು ಓದಿದ್ದು ಮನಃಶಾಸ್ತ್ರ. ಪ್ರತಿ ಸಲ ನೆನಪು ಮಾಡಿಕೊಂಡಾಗಲೂ ನಾವು ಆ ನೆನಪನ್ನು ಒಂದಿಷ್ಟು ತಿದ್ದುತ್ತೇವೆ ಅಂತ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು. ಹಾಗಾಗಿ ಈ ಕತೆಯನ್ನು ಎಲ್ಲರಿಗಿಂತ ಮೊದಲು ಅನುಮಾನಿಸಿದವನು ನಾನೇ. ಆದರೂ ಬರೆಯುತ್ತಿದ್ದೇನೆ.

ಮುಂಬೈಯ ಗೋರೆಗಾಂವ್‌ನಲ್ಲಿ ಬಿಲ್ಡಿಂಗ್‌ಗಳು ಮುಗಿದು ಕಾಡು ಶುರುವಾಗುವ ಕಡೆ ಒಂದು ಪ್ರಾಣಿಗಳ ಆಶ್ರಯವಿದೆ. ಹೆಸರು ಬೇಡ. ಗಾಡಿಗೆ ಸಿಕ್ಕಿದ, ರೋಗ ಬಡಿದ ಬೀದಿನಾಯಿಗಳನ್ನು ತಂದು ಅಲ್ಲಿ ನೋಡಿಕೊಳ್ಳುತ್ತಾರೆ. ಶನಿವಾರ ರಾತ್ರಿ ನಾನು ಅಲ್ಲಿ ವಾಲಂಟಿಯರ್ ಆಗಿದ್ದೆ. ವಾರವಿಡೀ ದಾದರ್‌ನ ಆಫೀಸಿನಲ್ಲಿ ಕೂತು ತಲೆ ಕೆಡಿಸಿಕೊಂಡವನಿಗೆ ನಾಯಿಗಳ ಜೊತೆ ಒಂದು ರಾತ್ರಿ ಕಳೆಯುವುದು ಔಷಧಿಯ ಹಾಗಿತ್ತು.

ರಾತ್ರಿ ಅಲ್ಲಿ ಇರುತ್ತಿದ್ದದ್ದು ಇಬ್ಬರೇ. ನಾನು, ಮತ್ತು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ವಾಸವಿದ್ದ ಮಾದೇವಕ್ಕ. ವಿಜಯಪುರದ ಕಡೆಯವಳು. ಕಟ್ಟಡ ಕೆಲಸಕ್ಕೆ ಅಂತ ಮುಂಬೈಗೆ ಬಂದು, ಬೆನ್ನು ಹಿಡಿದುಕೊಂಡ ಮೇಲೆ ಇಲ್ಲಿ ನಾಯಿಗಳಿಗೆ ಅನ್ನ ಬೇಯಿಸುವ ಕೆಲಸಕ್ಕೆ ಸೇರಿದ್ದಳು. "ಇಷ್ಟ ಓದಿ ನಾಯಿ ಕಾಯಾಕ ಬಂದೀರಲ್ರಿ ಸರ, ನಿಮ್ಮವ್ವಗ ಗೊತ್ತೈತೇನ್ರಿ?" ಅಂತ ಹೋದಾಗಲೆಲ್ಲ ಕೇಳುತ್ತಿದ್ದಳು. ಮೈಸೂರಿನಲ್ಲಿರುವ ನಮ್ಮಮ್ಮನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಆ ಜಾಗಕ್ಕೆ ಒಂದು ಪದ್ಧತಿ ಇದೆ. ಕಾಡಿನಿಂದ ಆಗಾಗ ಚಿರತೆ ಇಳಿಯುತ್ತದೆ, ನಾಯಿ ಅದಕ್ಕೆ ಸುಲಭದ ಊಟ. ಅದಕ್ಕೇ ಮಲಗುವ ಮುಂಚೆ ಒಬ್ಬರು ಗೇಟಿನಿಂದ ಹಿಂದಿನ ಗೋಡೆಯವರೆಗೂ ನಡೆದು, ಪ್ರತಿ ಗೂಡಿನ ಚಿಲಕವನ್ನು ಎತ್ತಿ ಬಿಡಬೇಕು. ಕಣ್ಣಲ್ಲಿ ನೋಡಿದರೆ ಸಾಲದು. ಕಬ್ಬಿಣದ ಪಟ್ಟಿ ಕೊಂಡಿಯೊಳಗೆ ಬಿದ್ದು ‘ಟಣ್’ ಅನ್ನಬೇಕು. ಸದ್ದು ಬಂದರೆ ಬಾಗಿಲು ಭದ್ರ. ಬಾರದಿದ್ದರೆ ತೆರೆದಿದೆ ಅಂತ. ಇದಕ್ಕೆ ಅಲ್ಲಿ ಗಸ್ತು ಅನ್ನುತ್ತಾರೆ.

ಆ ಶನಿವಾರ ನನ್ನ ಜೀವವೆಲ್ಲ ಒಂದೇ ಗೂಡಿನ ಮೇಲಿತ್ತು... ಬಟಾಟಾನ ಗೂಡು.

ಬಟಾಟಾ ನಮ್ಮ ಸಾಂತಾಕ್ರೂಜ್ ಸ್ಟೇಷನ್ನಿನ ನಾಯಿ. ವಡಾಪಾವ್ ಗಾಡಿಯವನು ಎಸೆಯುವ ಆಲೂಗಡ್ಡೆ ತಿಂದೇ ಬೆಳೆದವನು, ಅದಕ್ಕೇ ಆ ಹೆಸರು. ದಿನಾ ನಾನು ಲೋಕಲ್ ರೈಲು ಹಿಡಿಯಲು ಹೋಗುವಾಗ ಬಾಲ ಆಡಿಸಿ ಕಳಿಸಿಕೊಡುತ್ತಿದ್ದ. ಒಂದು ಸಂಜೆ ರಿಕ್ಷಾ ಹರಿದು ಅವನ ಹಿಂಗಾಲು ಜಜ್ಜಿಹೋಯಿತು. ನಾನೇ ಹೊತ್ತು ತಂದೆ. ಕಾಲು ತೆಗೆದರು. ಆಮೇಲೆ ಜ್ವರ ಏರಿತು. ಈ ರಾತ್ರಿ ಸಲೈನ್ ನಿಲ್ಲಬಾರದು, ಬೆಳಗು ಕಂಡರೆ ಬದುಕಿದ ಹಾಗೆ ಅಂತ ಹೇಳಿ ಆಶ್ರಯದ ಡಾಕ್ಟರ್ ಮೇಡಂ ಮನೆಗೆ ಹೋದರು.

ಊಟ ಆದ ಮೇಲೆ ನಾನು ಸಲೈನ್ ಬಾಟಲಿ ಬದಲಾಯಿಸಿದೆ. ಹೊರಗೆ ಬಂದು ಚಿಲಕ ಹಾಕಿದೆ. ಹಾಕುವಾಗ ಬೆರಳು ಸಿಕ್ಕಿ ಉಗುರಿನ ಪಕ್ಕದ ಚರ್ಮ ಕಿತ್ತು ರಕ್ತ ಬಂತು, ಬಾಯಲ್ಲಿಟ್ಟು ಚೀಪಿದೆ. ಕಬ್ಬಿಣದ ರುಚಿ ಈಗಲೂ ನಾಲಿಗೆಯ ಮೇಲಿದೆ. ಆಮೇಲೆ ಗಸ್ತು ಕೂಡ ನಾನೇ ಮಾಡಿದೆ. ಎಲ್ಲ ಗೂಡುಗಳೂ ಟಣ್ ಅಂದವು... ಹಾಗಂತ ನೆನಪು.

ಒಳಗೆ ಬಂದು ಅಡುಗೆಮನೆಯ ಕಿಟಕಿ ಪಕ್ಕ ಪುಸ್ತಕ ಹಿಡಿದು ಕೂತೆ. ನಾಯಿಗಳು ಎಂದಿನ ಹಾಗೆ ಒಂದಕ್ಕೊಂದು ಉತ್ತರ ಕೊಡುತ್ತಾ ಬೊಗಳುತ್ತಿದ್ದವು. ಅಲ್ಲಿ ಅದು ನಿಲ್ಲುವುದೇ ಇಲ್ಲ, ಸ್ವಲ್ಪ ದಿನಕ್ಕೆ ಕಿವಿಗೆ ಬೀಳುವುದೂ ಇಲ್ಲ.

ಅದು ನಿಂತಿತು.

ಒಮ್ಮೆಲೇ. ಎಲ್ಲವೂ. ದೂರದ ಹೈವೇಯ ಲಾರಿ ಸದ್ದು ಆಗಲೇ ನನಗೆ ಕೇಳಿಸಿದ್ದು.

ಗೇಟಿನ ಕಡೆಯಿಂದ... ಟಣ್.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಟಣ್. ನಿಧಾನ, ನೋವಿರುವ ಕಾಲು ಎತ್ತಿಡುವವರ ನಡಿಗೆಯ ಲಯ. ಮಾದೇವಕ್ಕನಿಗೆ ನನ್ನ ಗಸ್ತಿನ ಮೇಲೆ ನಂಬಿಕೆಯಿಲ್ಲ ಅಂದುಕೊಂಡು ನಗು ಬಂತು. ಕಿಟಕಿಯ ಕಡೆ ಮುಖ ಮಾಡಿ, ನಾನು ಎಲ್ಲ ನೋಡಿದ್ದೇನೆ, ಹೋಗಿ ಮಲಗಿ ಅಕ್ಕಾ ಅಂದೆ.

"ನಾ ಇಲ್ಲೇ ಅದೀನ್ರಿ ಸರ."

ದನಿ ನನ್ನ ಬೆನ್ನ ಹಿಂದಿನಿಂದ ಬಂತು. ಕೋಣೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು.

ಹೊರಗೆ ಮತ್ತೆ ಟಣ್.

ಯಾರದು ಅಂತ ಕೇಳಿದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಆಗಾಗ ಬರುತ್ತದೆ, ಕೊನೆಯ ಗೂಡಿನ ತನಕ ಹೋಗುತ್ತದೆ, ಮುಗಿಯುತ್ತದೆ, ಯಾರಿಗೂ ಏನೂ ಮಾಡಿಲ್ಲ ಅಂತ ಪಿಸುಗುಟ್ಟಿದಳು. ಯಾರೋ ಒಳನುಗ್ಗಿದ್ದಾರೆ ಅಂತ ನಾನು ಎದ್ದೆ. ಅವಳು ನನ್ನ ತೋಳು ಹಿಡಿದಳು.

"ಕುಂದರ್ರಿ. ತಾನ ಹೋಗ್ತೈತಿ."

ಕೂತೆ. ಯಾಕೆ ಕೂತೆನೋ ಗೊತ್ತಿಲ್ಲ. ಹಗಲಲ್ಲಿ ಕಾದ ಕಬ್ಬಿಣ ರಾತ್ರಿ ತಣ್ಣಗಾಗುವಾಗ ಸದ್ದು ಮಾಡುತ್ತದೆ ಅಂತ ಮನಸ್ಸಿನಲ್ಲೇ ವಾದ ಕಟ್ಟುತ್ತಿದ್ದೆ. ಆದರೆ ಕಬ್ಬಿಣ ಸಾಲಾಗಿ, ಒಂದಾದ ಮೇಲೊಂದು ತಣ್ಣಗಾಗುತ್ತದೆಯೇ?

ಸದ್ದು ಕಿಟಕಿಯ ಮುಂದೆ ದಾಟಿತು. ಹಿಂದಿನ ಗೋಡೆಯ ಕಡೆ ಹೋಯಿತು. ಆಮೇಲೆ ಏನೂ ಇಲ್ಲ. ನಾನು ಉಸಿರು ಬಿಟ್ಟೆ.

ಮಾದೇವಕ್ಕ ಬಿಡಲಿಲ್ಲ. ಅವಳ ಮುಖ ಬದಲಾಗಿತ್ತು. "ಕಡೀತನಕ ಹೋಗಲಿಲ್ಲಲ್ರಿ... ನಡುವ ನಿಂತತಿ."

ಗೇಟಿನ ಕಡೆಯಿಂದ ಮತ್ತೆ ಶುರುವಾಯಿತು. ಮೊದಲ ಗೂಡು. ಎರಡನೆಯದು. ಈ ಸಲ ಲಯ ಬೇಗ. ಮತ್ತೆ ಕಿಟಕಿ ದಾಟಿತು, ಮತ್ತೆ ಅದೇ ಜಾಗದಲ್ಲಿ ನಿಂತಿತು. ಮೂರನೆಯ ಸಲ ಇನ್ನೂ ಬೇಗ, ಹೆಚ್ಚುಕಡಿಮೆ ಓಡುವ ಹಾಗೆ. ಮತ್ತೆ ಅಲ್ಲೇ.

"ಬಟಾಟಾನ ಗೂಡ ಅದು," ಅಂದಳು. "ಚಿಲಕ ಹಾಕೀರಿ ಹೌದಲ್ರಿ?"

ಹಾಕಿದ್ದೇನೆ ಅಂತ ಗಾಯದ ಬೆರಳು ತೋರಿಸಿದೆ. ತೋರಿಸುತ್ತಿರುವಾಗಲೇ ಅನುಮಾನ ಬಂತು. ಇವತ್ತು ಹಾಕಿದ್ದೋ, ಹೋದ ವಾರ ಹಾಕಿದ್ದು ನೆನಪಾಗುತ್ತಿದೆಯೋ... ಒಳಗೆ ಆ ನಾಯಿ ಮೂರು ಕಾಲಲ್ಲಿ, ಸೂಜಿ ಚುಚ್ಚಿಸಿಕೊಂಡು, ಓಡಲೂ ಆಗದೆ ಮಲಗಿದೆ.

ಟಾರ್ಚ್ ಹಿಡಿದು ಹೊರಗೆ ಹೋದೆ. ಮಾದೇವಕ್ಕ ಬಾಗಿಲಲ್ಲಿ ನಿಂತಳು.

ಬ್ಲೀಚಿಂಗ್ ಪೌಡರ್, ಒದ್ದೆ ನಾಯಿ... ಇವು ಅಲ್ಲಿನ ಮಾಮೂಲಿ ವಾಸನೆ. ಅದರ ಮೇಲೆ ಇನ್ನೊಂದಿತ್ತು. ಆಗತಾನೇ ಬೇಯುತ್ತಿರುವ ಅನ್ನದ ಘಮ. ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಬಟಾಟಾನ ಗೂಡಿನ ಬಾಗಿಲು ಒಂದು ಗೇಣು ತೆರೆದಿತ್ತು. ಚಿಲಕ ನೇತಾಡುತ್ತಿತ್ತು. ಅವನು ಒಳಗೇ ಇದ್ದ, ಸಲೈನ್ ಹನಿ ಬೀಳುತ್ತಿತ್ತು. ಅವನ ಕಣ್ಣು ನನ್ನ ಮೇಲಿರಲಿಲ್ಲ. ಹಿಂದಿನ ಗೋಡೆಯ ಮೇಲಿತ್ತು.

ಬಾಗಿಲು ತಳ್ಳಿ ಚಿಲಕ ಬೀಳಿಸಿದೆ. ಟಣ್.

ನನ್ನ ಕೈ ಇನ್ನೂ ಅದರ ಮೇಲಿತ್ತು. ಪಕ್ಕದ ಗೂಡಿನ ಚಿಲಕ ಮೇಲೆದ್ದಿತು... ಬಿತ್ತು. ಟಣ್.

ಟಾರ್ಚ್ ಬೆಳಕು ಅದರ ಮೇಲೇ ಇತ್ತು. ಯಾರೂ ಇರಲಿಲ್ಲ. ಆ ಗೂಡಿನ ಬಿಳಿ ನಾಯಿ ಕತ್ತೆತ್ತಿ, ನಿಂತವರ ಮುಖ ನೋಡುವ ಹಾಗೆ ಮೇಲೆ ನೋಡುತ್ತಿತ್ತು. ಅದರ ಬಾಲ ನೆಲಕ್ಕೆ ಬಡಿಯುತ್ತಿತ್ತು, ಮೆಲ್ಲಗೆ. ಅದರಾಚೆಯ ನಾಯಿಯೂ ಕತ್ತೆತ್ತಿತು. ಅದರಾಚೆಯದೂ. ಕೊನೆಯ ಚಿಲಕ ಬಿದ್ದಾಗ ಗೋಡೆಯ ಮೇಲಿನಿಂದ ಏನೋ ಭಾರವಾದದ್ದು ಆಚೆ ಬದಿಗೆ ಧುಮುಕಿತು. ಒಣಎಲೆಗಳು ಸರಸರ ಅಂದವು.

ಎಲ್ಲ ನಾಯಿಗಳೂ ಒಟ್ಟಿಗೆ ಬೊಗಳತೊಡಗಿದವು.

ಬಟಾಟಾನನ್ನು ಎತ್ತಿಕೊಂಡು ಅಡುಗೆಮನೆಗೆ ತಂದೆವು. "ಬಾಟ್ಲಿ ನಾ ಹಿಡೀತೀನಿ," ಅಂತ ಮಾದೇವಕ್ಕ ಸಲೈನ್ ಬಾಟಲಿ ಎತ್ತಿ ಹಿಡಿದು ನಡೆದಳು.

ಬಟಾಟಾ ಬೆಳಗು ಕಂಡ. ಜ್ವರ ಇಳಿದಿತ್ತು. ಹಿಂದಿನ ಗೋಡೆಯ ಮೇಲೆ ಉಗುರಿನ ಗೀರುಗಳಿದ್ದವು. ಅನ್ನದ ಘಮದ ವಿಷಯ ಹೇಳಿದಾಗ ಡಾಕ್ಟರ್ ಮೇಡಂ, ಚಿರತೆ ಗುರುತಿಗೆಂದು ಬಿಡುವ ಮೂತ್ರದ ವಾಸನೆ ಒಮ್ಮೊಮ್ಮೆ ಹಾಗೇ ಇರುತ್ತದೆ ಅಂದರು. ಸರಿ, ಒಂದಕ್ಕೆ ವಿವರಣೆ ಸಿಕ್ಕಿತು.

ವಾಲಂಟಿಯರ್‌ಗಳೆಲ್ಲ, ಯಾರೋ ಪುಣ್ಯಾತ್ಮರು ನಿನ್ನನ್ನು ಹೊರಗೆ ಕರೆದು ನಾಯಿಯನ್ನು ಉಳಿಸಿದರು ಅಂದರು. ಹಾಗೆ ನಂಬಿದರೆ ಸುಖ. ಆದರೆ ನನ್ನ ಬೆರಳಿನ ಗಾಯ? ನಾನು ಚಿಲಕ ಹಾಕಿದ್ದು ನಿಜವಾದರೆ ಅದನ್ನು ತೆಗೆದವರು ಯಾರು? ಬೆರಳು ಸಿಕ್ಕಿದ್ದು ಎರಡನೆಯ ಸಲ ಹಾಕುವಾಗಲೇ ಇರಬಹುದು, ನೆನಪು ಹಿಂದೆಮುಂದೆ ಆಗಿರಬಹುದು ಅಂತಲೂ ಯೋಚಿಸಿದ್ದೇನೆ. ಹೇಳಿದಷ್ಟೂ ಅದು ಸ್ಪಷ್ಟವಾಗುತ್ತಾ ಬರುತ್ತಿದೆ. ಮನಃಶಾಸ್ತ್ರ ಓದಿದವನಿಗೆ ಅದಕ್ಕಿಂತ ಕೆಟ್ಟ ಲಕ್ಷಣ ಇನ್ನೊಂದಿಲ್ಲ.

ಬಟಾಟಾನನ್ನು ಸಾಂತಾಕ್ರೂಜ್‌ನ ನನ್ನ ಮನೆಗೇ ಕರೆತಂದೆ. ಬಿಲ್ಡಿಂಗಿನ ಸೊಸೈಟಿಯವರು ಗೊಣಗಿ ಸುಮ್ಮನಾದರು. ನಾನು ಮತ್ತೆ ಗೋರೆಗಾಂವ್‌ಗೆ ಹೋಗಲಿಲ್ಲ.

ಮಳೆ ಶುರುವಾದ ಮೇಲೆ ಒಂದು ಸಂಜೆ ಮಾದೇವಕ್ಕನ ಫೋನ್ ಬಂತು. ಬಟಾಟಾ ಹೇಗಿದ್ದಾನೆ ಅಂತ ಕೇಳಿದಳು. ಆಮೇಲೆ ದನಿ ತಗ್ಗಿಸಿದಳು. ಆ ಗೂಡು ಅಂದಿನಿಂದ ಖಾಲಿಯಿದೆ, ಚಿಲಕದ ಮೇಲೆ ತಾನೇ ತಂತಿ ಬಿಗಿದಿದ್ದಾಳೆ, ಆದರೂ ಗಸ್ತು ಬಂದ ರಾತ್ರಿಯೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ ಅಂದಳು.

"ಇವತ್ತ ಒಂದ ಹೆಣ್ಣ ನಾಯಿ ತಂದಾರ್ರಿ. ಹೊಟ್ಟಿಲೇ ಐತಿ, ಇನ್ನೇನ ಮರಿ ಹಾಕತೈತಿ. ಬ್ಯಾರೆ ಗೂಡಿಲ್ಲ. ಅದರಾಗ ಹಾಕ್ಲೋ ಬ್ಯಾಡೋ... ನೀವ ಹೇಳ್ರಿ ಸರ."

ಹಾಕಿ, ಏನಾಗುತ್ತೆ, ಅದು ಬರೀ ಕಬ್ಬಿಣ ಅಂತ ಹೇಳಬೇಕಾದವನು ನಾನು. ಅಷ್ಟಕ್ಕೇ ಅವಳು ನನಗೆ ಫೋನ್ ಮಾಡಿದ್ದು.

ಬೇಡ ಅಂದೆ.

ಜಾಗವಿಲ್ಲ ಅಂತ ಹೇಳಿ ಆ ನಾಯಿಯನ್ನು ತಂದವರ ಜೊತೆಗೇ ಕಳಿಸಿದರಂತೆ. ಅವರು ಅದನ್ನು ಎಲ್ಲಿ ಬಿಟ್ಟರೋ ಯಾರಿಗೂ ಗೊತ್ತಿಲ್ಲ. ಆ ರಾತ್ರಿ ಮುಂಬೈಯಲ್ಲಿ ಎಂಥ ಮಳೆ ಅಂದರೆ ಲೋಕಲ್‌ಗಳೂ ನಿಂತುಹೋಗಿದ್ದವು. ನಾನು ಕಿಟಕಿ ಹತ್ತಿರ ಕೂತಿದ್ದೆ... ಆ ನಾಯಿಯನ್ನು ಉಳಿಸಿದೆನೋ, ಸಾಯಲು ಕಳಿಸಿದೆನೋ, ಇವತ್ತಿಗೂ ತಿಳಿದಿಲ್ಲ.