ಕಂಬಳಿಯ ಮೂಲೆ ಹಿಡಿದವರು

ಮೊನ್ನೆ ಮಳೆ ಬಿಟ್ಟ ಮೇಲೆ ಪಕ್ಕದ ಮನೆಯಾಕೆ ನೆಂದ ಕುರಿ ಕಂಬಳಿಯೊಂದನ್ನು ತಂದು ನಮ್ಮೆರಡು ಮನೆಗಳ ನಡುವಿನ ಮೋಟುಗೋಡೆಯ ಮೇಲೆ ಹರವಿದಳು. ಬಿಸಿಲು ತಾಗಿದ್ದೇ ತಡ, ಉಣ್ಣೆಯ ವಾಸನೆ, ಹುಣಸೆಬೀಜದ ಗಂಜಿಯ ವಾಸನೆ ಎರಡೂ ಒಟ್ಟಿಗೆ ಎದ್ದು ಮೂಗಿಗೆ ಬಡಿದವು. ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟೆ. ನಮ್ಮ ಡ್ರಿಲ್ ಮೇಷ್ಟ್ರು ನೆನಪಾದರು...

ಮಹಾರಾಜರ ಕಾಲ. ನಾನು ಮಧುಗಿರಿಯಲ್ಲಿ ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. ಮೇಷ್ಟ್ರು ಪಾವಗಡದ ಕಡೆಯವರು. ಪಾಠಕ್ಕೆ ಕನ್ನಡ, ಗಾಬರಿಗೆ ತೆಲುಗು. ಅವರ ಪರೀಕ್ಷೆ ಎಂದರೆ ಹುಣಸೆಮರದ ಕೊಂಬೆಗೆ ಕಟ್ಟಿದ ಹಗ್ಗ ಹತ್ತುವುದು. ಬಿದ್ದರೆ ಪೆಟ್ಟಾಗದಿರಲಿ ಎಂದು ನಾಲ್ವರು ಹುಡುಗರು ಕೆಳಗೆ ಅವರದೇ ಕಂಬಳಿಯ ಮೂಲೆಗಳನ್ನು ಹಿಡಿದು ನಿಲ್ಲಬೇಕು. ವಿಚಿತ್ರವೆಂದರೆ ಮೇಷ್ಟ್ರು ಹತ್ತುವವನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಂಬಳಿ ಹಿಡಿದವರ ಕೈ, ಮುಖ ನೋಡುತ್ತಾ ಸುತ್ತು ಹಾಕುತ್ತಿದ್ದರು. ಕಸರತ್ತಿಗೆ ಇದ್ದಂತೆ ನಡತೆಗೂ ಅಂಕ ಇತ್ತು. ಆ ಅಂಕ ಕಂಬಳಿ ಹಿಡಿಯುವ ರೀತಿಯಿಂದ ಬರುತ್ತಿತ್ತೆಂದು ನಮಗೆ ತಿಳಿದಿರಲಿಲ್ಲ. ಮೇಷ್ಟ್ರಿಗೆ ಕಂಬಳಿ ಹರಿದೀತೆಂಬ ಚಿಂತೆ ಎಂದು ನಗುತ್ತಿದ್ದೆವು.

ಆ ವರ್ಷ ಮಾತ್ರ ನನಗೆ ನಗು ಬರಲಿಲ್ಲ. ಚಳಿಜ್ವರದಿಂದ ಎದ್ದು ಕಡ್ಡಿಯಾಗಿದ್ದೆ. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಎಲ್ಲದ್ರಾಗೂ ಪಾಸಾದ್ರೆ ತುಮಕೂರು ಹೈಸ್ಕೂಲು ಕಣ್ಲಾ. ಒಂದ್ರಾಗೆ ಹೋದ್ರೂ ನಮ್ ಜತೆ ನೇಗಿಲು ಹಿಡಿ."

ಪರೀಕ್ಷೆಯ ದಿನ ಜರಿಪೇಟದ ಇನ್ಸ್‌ಪೆಕ್ಟರು ಬಂದು ಮರದಡಿ ಕುರ್ಚಿಯಲ್ಲಿ ಕೂತರು. ನನ್ನ ಸರದಿ ಬಂದಾಗ ಕಂಬಳಿಯ ಒಂದು ಮೂಲೆ ಇಡೀ ತಾಲ್ಲೂಕಿಗೇ ದೊಡ್ಡ ಅಧಿಕಾರಿಯಾದ ಅಮಲ್ದಾರರ ಮಗನ ಕೈಯಲ್ಲಿತ್ತು. ಅವನೂ ನಮ್ಮ ತರಗತಿಯವನೇ. ಅರ್ಧ ಹತ್ತುವಷ್ಟರಲ್ಲಿ ತೋಳು ನಡುಗಿದವು. "ಹತ್ತು, ಹತ್ತು!" ಎಂದು ಇನ್ಸ್‌ಪೆಕ್ಟರು ಗದರಿದರು. ಕೆಳಗೆ ನೋಡಿದೆ. ಅಮಲ್ದಾರರ ಮಗ ಅವರತ್ತ ಹಲ್ಲುಕಿರಿಯುತ್ತಾ ಒಂದು ಕೈಯಲ್ಲಿ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ನನ್ನ ಹಿಡಿತ ಜಾರಿತು. ಅವನ ಮೂಲೆಯೂ ಜಾರಿತು. ಸೊಂಟ ನೆಲಕ್ಕೆ ಬಡಿದು ಕಣ್ಣು ಕತ್ತಲಿಟ್ಟಿತು.

"ಫೇಲು," ಎಂದರು ಇನ್ಸ್‌ಪೆಕ್ಟರು.

ಮೇಷ್ಟ್ರು ಓಡಿಬಂದು ನನ್ನ ಕೈಕಾಲು ಮುಟ್ಟಿ ನೋಡಿದರು. "ಏಳು. ಅವನ ಮೂಲೆ ನೀನು ಹಿಡಿ," ಎಂದರು. ಈಗ ಹತ್ತುವವನು ಅಮಲ್ದಾರರ ಮಗ.

ಅವನು ಸರಸರನೆ ಏರಿದ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಬಿದ್ದರೆ ಬೀಳಲಿ, ಕೈಯಲ್ಲಿ ಶಕ್ತಿ ಇರಲಿಲ್ಲ ಎಂದರಾಯಿತು, ಯಾರು ಕೇಳುತ್ತಾರೆ ಅನ್ನಿಸಿತು. ಸುತ್ತು ಹಾಕುತ್ತಿದ್ದ ಮೇಷ್ಟ್ರು ನನ್ನೆದುರು ನಿಂತುಬಿಟ್ಟರು. ಅವರ ಕಣ್ಣು ನನ್ನ ಬೆರಳುಗಳ ಮೇಲೆಯೇ ಇತ್ತು. ಮೇಲೆ ಕೊಂಬೆ ಮುಟ್ಟಿದವನು ಇನ್ಸ್‌ಪೆಕ್ಟರಿಗೆ ಸಲಾಮು ಹೊಡೆಯಲು ಒಂದು ಕೈ ಬಿಟ್ಟ...

"ಪಟ್ಟುಕೋರಾ!" ಹಿಡ್ಕೊಳ್ಳೋ ಎಂಬ ಮೇಷ್ಟ್ರ ತೆಲುಗು ಕೂಗಿಗೆ ನನ್ನ ಬೆರಳು ಬಿಗಿದವು. ಕಂಬಳಿ ನನ್ನನ್ನು ಮಂಡಿಯೂರುವಂತೆ ಎಳೆಯಿತು. ಒರಟು ಉಣ್ಣೆ ಅಂಗೈ ಸುಲಿಯಿತು. ಬಿಡಲಿಲ್ಲ. ಅವನು ಕಂಬಳಿಯ ನಡುವೆ ಕೂತು ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ನಾನು ಹಿಡಿದದ್ದು ಒಳ್ಳೆಯತನದಿಂದಲೋ ಮೇಷ್ಟ್ರ ಕಣ್ಣಿನ ಭಯಕ್ಕೋ, ಇವತ್ತಿಗೂ ಗೊತ್ತಿಲ್ಲ.

"ಅವನು ಹತ್ತಿದ, ಪಾಸು. ಇವನು ಫೇಲು. ಬರೆದುಕೊಳ್ರಿ," ಎಂದರು ಇನ್ಸ್‌ಪೆಕ್ಟರು.

ಮೇಷ್ಟ್ರು ಕೈಮುಗಿದರು. "ಇಬ್ರೂ ಬಿದ್ರು ಸ್ವಾಮಿ. ಇವನ್ನ ಅವನು ಬಿಟ್ಟ, ಅವನ್ನ ಇವನು ಹಿಡ್ದ. ಹತ್ತೋದು ಇನ್ನೊಂದ್ಸಲ ನೋಡ್ತೀನಿ, ನಡತೆ ನೋಡಿ ಆಯ್ತು. ಬೇರೆ ಅಂಕ ಬೇಕಂದ್ರೆ ಬೇರೆ ಮೇಷ್ಟ್ರನ್ನ ಹಾಕ್ಕಳಿ."

ಇನ್ಸ್‌ಪೆಕ್ಟರು ಎದ್ದುಹೋದರು. ಮೇಷ್ಟ್ರು ದಿನಾ ಸಂಜೆ ನನ್ನನ್ನು ಹಗ್ಗಕ್ಕೆ ಹಚ್ಚಿ, ಬೇಸಿಗೆ ರಜಕ್ಕೆ ಮುಂಚೆ ಕೊಂಬೆ ಮುಟ್ಟಿಸಿಯೇ ಪಾಸು ಮಾಡಿದರು. ಅಮಲ್ದಾರರ ಮಗ ನಡತೆಯಲ್ಲಿ ಫೇಲಾದ. ರಜ ಮುಗಿಯುವುದರೊಳಗೆ ಮೇಷ್ಟ್ರಿಗೆ ಪಾವಗಡದಾಚೆಯ ಹಳ್ಳಿಯೊಂದಕ್ಕೆ ವರ್ಗವಾಯಿತು. ಹೊರಡುವ ದಿನ ಕಂಬಳಿ ಹೆಗಲಿಗೇರಿಸಿ, ನನ್ನ ಅಂಗೈ ತಿರುಗಿಸಿ ಗಾಯದ ಕಲೆ ನೋಡಿದರು. "ತುಮಕೂರ್ನಾಗೆ ಚೆನ್ನಾಗಿ ಓದ್ಕೋ," ಎಂದರು, ಅಷ್ಟೇ.

ನಾನು ಹೈಸ್ಕೂಲಿನಲ್ಲಿದ್ದಾಗ ಆ ಕಡೆಯವರೊಬ್ಬರು ಸುದ್ದಿ ತಂದರು. ಮೇಷ್ಟ್ರಿಗೆ ವಿಷಮಜ್ವರ ಬಂದು, ಗಾಡಿ ಸಿಗದೆ, ನಾಲ್ವರು ಅದೇ ಕಂಬಳಿಯಲ್ಲಿ ಮಲಗಿಸಿ ಪಾವಗಡದ ಆಸ್ಪತ್ರೆಗೆ ಹೊತ್ತೊಯ್ದರಂತೆ. ದಾರಿಯಲ್ಲೇ ಜೀವ ಹೋಯಿತಂತೆ. ಆ ನಾಲ್ವರು ಯಾರೋ... ನಾನಂತೂ ಇರಲಿಲ್ಲ. ಆ ಸಂಕಟ ಈ ವಯಸ್ಸಿನಲ್ಲೂ ಹೋಗಿಲ್ಲ.

ಮೊನ್ನೆ ಸಂಜೆ ಕಂಬಳಿ ಒಣಗಿದ ಮೇಲೆ ಪಕ್ಕದ ಮನೆಯಾಕೆ ಕರೆದಳು. "ಅಜ್ಜಾ, ಆ ಕಡೆ ವಸಿ ಹಿಡ್ಕಳಿ, ಮಡಚ್ಬುಡಾನ."

ಹೋಗಿ ಹಿಡಿದುಕೊಂಡೆ. ಅವಳು ಮಡಚುತ್ತಾ ಹತ್ತಿರ ಬಂದಳು. ನನ್ನ ಕೈಲಿದ್ದ ಮೂಲೆಯನ್ನು ಮೆಲ್ಲಗೆ ಎಳೆದಳು, ಮತ್ತೊಮ್ಮೆ ಎಳೆದಳು.

"ಬುಡಿ ಅಜ್ಜಾ, ಆಯ್ತು," ಎಂದಳು. "ಬುಡಿ."