ಗಂಗೂಬಾಯಿಯ ಬಾವಿಯ ಸಲುವಾಗಿ

ಹುಸೇನಪ್ಪ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೋ ಓಡಿಸುತ್ತಿದ್ದ. ಶಹಾಪುರದ ಕಡೆಯವನು, ಯೆರವಡಾದ ಒಂದು ಕೋಣೆಯಲ್ಲಿ ಹೆಂಡತಿ ಮಾನಮ್ಮನೊಡನೆ ಸಂಸಾರ. ಜುನ್ನರ್ ಕಡೆಯ ಹಳ್ಳಿಗಳಿಂದ ಉಳ್ಳಾಗಡ್ಡಿ, ಟೊಮೆಟೊ ತರುವುದು ಅವನ ಕೆಲಸ. ಮಾಲು ತಯಾರಾಗುವವರೆಗೆ ಉಳಿದ ಡ್ರೈವರುಗಳು ಗಾಡಿಯ ನೆರಳಿನಲ್ಲಿ ಮಲಗಿದರೆ ಇವನು ಗುಡ್ಡ ಹತ್ತುತ್ತಿದ್ದ. ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿಗಳು, ಗಿಡಗಂಟಿ ಮುಚ್ಚಿದ ಗುಡಿಗಳು, ಹೊಲದ ಬದುವಿನಲ್ಲಿ ಮಕಾಡೆ ಬಿದ್ದ ವೀರಗಲ್ಲುಗಳು ಅವನಿಗೆ ಸಿಕ್ಕಿದ್ದು ಹೀಗೆ. ಓದಿದ್ದು ಏಳನೆಯ ತರಗತಿ. ಆದರೂ ಯಾವ ಊರಿನ ಯಾವ ತಿರುವಿನಲ್ಲಿ ಏನಿದೆಯೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ.

ತೊಂಬತ್ತಾರರ ಬೇಸಿಗೆಯಲ್ಲಿ ಒಮ್ಮೆ ರೇಡಿಯೇಟರ್ ಕುದಿಯಿತು. ನೀರು ಹುಡುಕುತ್ತ ಹೋದವನಿಗೆ ಹೊಲದ ನಡುವೆ ಮೆಟ್ಟಿಲ ಬಾವಿಯೊಂದು ಕಂಡಿತು. ಅರ್ಧ ಇಳಿದರೆ ಎರಡೂ ಬದಿಗೆ ಕಲ್ಲಿನ ಸಣ್ಣ ಕೋಣೆಗಳು, ಗೋಡೆಯಲ್ಲಿ ದೀಪದ ಗೂಡುಗಳು. ಕೊಡ ತುಂಬಿಕೊಟ್ಟವಳು ಗಂಗೂಬಾಯಿ ಎಂಬ ಮುದುಕಿ. ಅವಳ ಅತ್ತೆಯ ಕಾಲದಿಂದಲೂ ಆ ಮನೆಯ ಹೆಂಗಸರೇ ಪ್ರತಿ ಬೇಸಿಗೆ ಬಾವಿಯ ಹೂಳೆತ್ತುತ್ತಿದ್ದರು. ಅಂದಿನಿಂದ ಆ ದಾರಿಯಲ್ಲಿ ಹೋದಾಗಲೆಲ್ಲ ಹುಸೇನಪ್ಪ ಅಲ್ಲಿ ಗಾಡಿ ನಿಲ್ಲಿಸುವುದು ರೂಢಿಯಾಯಿತು.

ಮುಂದೆ ಐದು ವರ್ಷಕ್ಕೆ ಬಿಂದುಮಾಧವರಾಯರ ಪರಿಚಯವಾಯಿತು. ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದ ನಿವೃತ್ತ ಅಧಿಕಾರಿ. ಪ್ರವಾಸದ ಲೇಖನ ಬರೆಯುವ ಹವ್ಯಾಸ. ಆರು ಭಾನುವಾರ ಅವರು ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ತಿರುಗಿದರು. ಬಾವಿಯಲ್ಲಿ ನಾಲ್ಕು ಮೆಟ್ಟಿಲು ಇಳಿದು, ಜೇನುಹುಟ್ಟು ಕಂಡು ವಾಪಸು ಹತ್ತಿ, ಮೇಲಿನಿಂದಲೇ ಫೋಟೋ ತೆಗೆದರು. ಗಂಗೂಬಾಯಿ ಕೊಟ್ಟ ಚಹಾ ಕುಡಿದರು. ನೋಟ್‌ಬುಕ್ಕನ್ನು ಎಂಟು ದಿನಕ್ಕೆಂದು ಒಯ್ದು ಮೂರು ತಿಂಗಳಿಗೆ ಮರಳಿಸಿದರು.

ಎರಡು ಸಾವಿರದ ಮೂರರಲ್ಲಿ ಅವರ ಪುಸ್ತಕ ಬಂತು. ದಲಾಲಿ ಅಂಗಡಿಯ ಗುಮಾಸ್ತ ತಂದಿದ್ದ ಪ್ರತಿಯನ್ನು ಹುಸೇನಪ್ಪ ಮನೆಗೆ ಒಯ್ದು ಓದಿದ. ‘ದಾರಿ ತಪ್ಪಿದ ನನ್ನ ಕಾರು ಈ ಬಾವಿಯ ಬಳಿ ನಿಂತಿತು. ಸ್ಥಳೀಯರಿಗೆ ಇದರ ಅರಿವೇ ಇಲ್ಲ’ ಎಂದಿತ್ತು.

ಅವನ ಮುಖ ನೋಡಿ ಮಾನಮ್ಮ ಕೇಳಿದಳು, “ನಿನ್ನ ಹೆಸರು ಹಾಕಿಲ್ಲಂತ ಸಿಟ್ಟೇನು?”

“ನನ್ನ ಹೆಸರು ಸುಡ್ಲಿ. ವರ್ಷಾ ಹೂಳು ಎತ್ತೋ ಮುದುಕಿಗಿ ಅರಿವಿಲ್ಲಂತ. ಆಕಿ ಕೈಯಾಗಿನ ಚಾ ಕುಡದು ಹಿಂಗ ಬರಿತಾನ.”

ರಾತ್ರಿ ಅವನಿಗೆ ಊಟ ಸೇರಲಿಲ್ಲ.

ತಿಂಗಳೊಳಗೆ ಕನ್ನಡಿಗರ ಬಳಗವೊಂದು ರಾಯರಿಗೆ ಸನ್ಮಾನ ಇಟ್ಟುಕೊಂಡಿತು. ಹುಸೇನಪ್ಪ ಖಾಕಿ ಅಂಗಿಯಲ್ಲೇ ಹೋಗಿ ಹಿಂದೆ ಕೂತ. ಶಾಲು ಹೊದಿಸಿದ ಮೇಲೆ, ಪ್ರಶ್ನೆ ಇದ್ದರೆ ಕೇಳಬಹುದೆಂದರು. ಅವನು ಎದ್ದು ನಿಂತ.

“ಸಾಹೇಬ್ರ, ಆ ಬಾವಿಗಿ ಮೆಟ್ಟಿಲು ಎಷ್ಟು ಅದಾವ್ರಿ?”

ರಾಯರಿಗೆ ಗುರುತು ಸಿಕ್ಕಿತು. “ಅದೆಲ್ಲಾ ಆಮ್ಯಾಲೆ ಮಾತಾಡೋಣಪಾ.”

“ನಲವತ್ತೆರಡು. ನೀವು ಇಳಿದಿದ್ದು ನಾಕು. ಕಾರಿನಾಗ ಹೋಗಿರ್ಲಿಲ್ಲ, ನನ್ನ ಟೆಂಪೋದಾಗ ಬಂದಿದ್ರಿ.”

ಕಾರ್ಯಕರ್ತನೊಬ್ಬ ಬಂದು ತೋಳು ಹಿಡಿದ. “ಕೈ ಬಿಡ್ರಿ, ಹೇಳಿ ಹೋಗ್ತೀನಿ,” ಎಂದ ಹುಸೇನಪ್ಪ. ದನಿ ಏರಿರಲಿಲ್ಲ. “ಆ ಬಾವಿ ಯಾರೂ ಕಳಕೊಂಡಿರ್ಲಿಲ್ರಿ, ನೀವು ಹುಡುಕಾಕ. ಗಂಗೂಬಾಯಿ ಅಂತ ಒಬ್ಬಾಕಿ ಅದಾಳ, ಆಕಿನೇ ಕಾಯ್ತಾಳ. ಅದನ್ನ ಬರೀರಿ.”

ಮುಂದಿನ ಮುದ್ರಣದಲ್ಲಿ ನೋಡೋಣವೆಂದರು ರಾಯರು. ಮುಂದಿನ ಮುದ್ರಣ ಬರಲಿಲ್ಲ. ಪುಸ್ತಕ ಓದಿದವರು ಮಾತ್ರ ಬಂದರು. ಮಳೆಗಾಲದ ಭಾನುವಾರಗಳಲ್ಲಿ ಕಾರುಗಳು ಬೆಳೆ ತುಳಿದು ನಿಂತವು. ದೀಪದ ಗೂಡುಗಳಲ್ಲಿ ಬಾಟಲಿ ಬಿದ್ದವು. ಎತ್ತಿ ಹಾಕುತ್ತಿದ್ದ ಮುದುಕಿಯನ್ನು ಕಂಡು ಹುಸೇನಪ್ಪನಿಗೆ ತನ್ನ ಮೇಲೂ ಸಿಟ್ಟು ಬಂತು. ದಾರಿ ತೋರಿಸಿದವನು ಅವನೇ ಅಲ್ಲವೆ?

ಮರುವಾರ ತಗಡೊಂದನ್ನು ತಂದು, ಗಾಡಿಗೆ ನಂಬರು ಬರೆಯುವವನಿಂದ ಮರಾಠಿಯಲ್ಲಿ ದಪ್ಪಗೆ ಬರೆಸಿದ: ಈ ಬಾವಿಯನ್ನು ಗಂಗೂಬಾಯಿಯ ಮನೆಯವರು ಕಾಯುತ್ತಾರೆ, ಅವರನ್ನು ಕೇಳಿ ಇಳಿಯಿರಿ. ಬಾವಿಯ ಬಾಯಿಗೆ ಅದನ್ನು ತಾನೇ ನೆಟ್ಟ. ಗಂಗೂಬಾಯಿಗೆ ಓದಲು ಬರುತ್ತಿರಲಿಲ್ಲ. ತನ್ನ ಹೆಸರು ಎಲ್ಲಿದೆಯೆಂದು ಕೇಳಿ, ಅಲ್ಲಿ ಬೆರಳಿಟ್ಟು ನೋಡಿದಳು.

ವರ್ಷದ ನಂತರ ರಾಯರು ಮಾರ್ಕೆಟ್ ಯಾರ್ಡಿಗೆ ಬಂದು, “ಹುಸೇನಪ್ಪಾ, ಈ ಐತವಾರ ಯಾಕಡೆ ಹೊಂಟಿ?” ಎಂದು ನಗುತ್ತ ಕೇಳಿದರು.

“ಗಾಡಿ ತುಂಬ್ಯದ್ರಿ,” ಎಂದು ಹುಸೇನಪ್ಪ ಖಾಲಿ ಟೆಂಪೋ ಹತ್ತಿ ಹೊರಟ.