ಗ್ಯಾಲರಿಯ ಅಕ್ಕ

ಎಪ್ಪತ್ತರ ದಶಕದಲ್ಲಿ ನಾನು ಇಳಕಲ್ಲಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯಲ್ಲಿ ಸೀರೆ ನೇಯುವ ಒಬ್ಬ ಅಕ್ಕ ಇದ್ದಳು. ಊರಿಗೆ ನಾಟಕ ಕಂಪನಿ ಬಂತೆಂದರೆ ಭಾನುವಾರ ಮಧ್ಯಾಹ್ನದ ಆಟಕ್ಕೆ ಮಗ್ಗ ನಿಲ್ಲಿಸಿ ಹೊರಡುತ್ತಿದ್ದಳು. ನನ್ನ ಅತ್ತೆಯನ್ನು ಒಪ್ಪಿಸಿ ನನ್ನನ್ನೂ ಕರೆದೊಯ್ಯುತ್ತಿದ್ದಳು. ನಾವು ಕೂರುತ್ತಿದ್ದುದು ಎಲ್ಲರಿಗಿಂತ ಹಿಂದೆ, ಹೆಂಗಸರ ಗ್ಯಾಲರಿಯಲ್ಲಿ, ಅಲುಗಾಡುವ ಹಲಗೆಯ ಮೇಲೆ.

"ಮುಂದ ಕುಂತವ್ರು ಬಣ್ಣಾ ನೋಡ್ತಾರ, ನಾವು ನಾಟಕಾ ನೋಡ್ತೇವಿ" ಎಂದು ಪ್ರತಿಸಲವೂ ಹೇಳಿ, ಸೆರಗು ಬಿಗಿದು, ಕಾಲು ಮಡಚಿ ಕೂರುತ್ತಿದ್ದಳು. ಖಳನಾಯಕ ಬಂದರೆ ನೆಟಿಗೆ ಮುರಿದು ಶಾಪ ಹಾಕುತ್ತಿದ್ದಳು.

ಒಂದು ಸಲ, ಮಗಳು ತವರಿನಿಂದ ಗಂಡನ ಮನೆಗೆ ಹೊರಡುವ ದೃಶ್ಯದಲ್ಲೇ ಮೈಕು ಕೆಟ್ಟಿತು. ಹಿಂದಿನವರಿಗೆ ಏನೂ ಕೇಳಿಸದೆ ಸಿಳ್ಳೆ, ಕೂಗು ಎದ್ದವು. ಮಗಳ ಪಾತ್ರದ ನಟಿ ಮಾತು ನಿಲ್ಲಿಸಿ ಕಂಗಾಲಾಗಿ ನಿಂತಳು.

ಅಕ್ಕ ಎದ್ದು ನಿಂತು ಪಕ್ಕದ ಗಂಡಸರ ಗ್ಯಾಲರಿಯತ್ತ ತಿರುಗಿ ಗದರಿದಳು: "ಸುಮ್ನ ಕುಂದರ್ರಿ! ನಿಮ್ಮ ಮನ್ಯಾಗ ಹೆಣ್ಣಮಕ್ಕಳು ಇಲ್ಲೇನು?" ಆಮೇಲೆ ರಂಗದ ಕಡೆಗೆ ಕೂಗಿದಳು: "ನೀ ಹೇಳವಾ ತಂಗಿ, ನಾವು ಕೇಳ್ತೇವಿ."

ಗದ್ದಲ ಅಡಗಿತು. ನಟಿ ರಂಗದ ಅಂಚಿಗೆ ಬಂದು, ಗ್ಯಾಲರಿಯತ್ತಲೇ ನೋಡುತ್ತ, "ಹೋಗಿ ಬರ್ತೇನಿ ಯವ್ವಾ" ಎಂದಳು. ರಂಗದ ಮೇಲಿನ ತಾಯಿ ಬಾಯಿ ತೆರೆಯುವ ಮೊದಲೇ ಅಕ್ಕ, "ಹೋಗಿ ಬಾ ನನ್ನವ್ವಾ" ಎಂದುಬಿಟ್ಟಳು. ಯಾರೂ ನಗಲಿಲ್ಲ.

ಮದುವೆಯಾಗಿ ಬಂದಾಗಿನಿಂದ ತಡೆದಿಟ್ಟಿದ್ದ ಅಳು ಅಂದು ನನಗೆ ಉಕ್ಕಿ ಬಂತು. ಅಕ್ಕ ನನ್ನತ್ತ ತಿರುಗಲಿಲ್ಲ. ಕಣ್ಣು ರಂಗದ ಮೇಲಿಟ್ಟುಕೊಂಡೇ ನನ್ನ ಕೈ ಹಿಡಿದವಳು, ಪರದೆ ಬೀಳುವವರೆಗೂ ಬಿಡಲಿಲ್ಲ.